ನಾಲ್ಕು ಹೆಸರುಗಳ ಕೊನೆಯ ಹಂಗಾಮು

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಆಳಂದದ ನನ್ನ ಕಚೇರಿಗೆ ರೇಣುಕಾ ಎಂಬ ಹುಡುಗಿ ಬಂದಿದ್ದಳು. ಗ್ರಂಥಾಲಯ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಮ್ಮ ಸೀಮೆಯಲ್ಲಿ ತೊಗರಿ ಬೆಳೆಯ ಬಗ್ಗೆ ಇಷ್ಟು ವರ್ಷ ಯಾರು ಯಾರ ಜೊತೆ ಕೂಡಿ ಪ್ರಬಂಧ ಬರೆದರು, ಆ ಗುಂಪುಗಳು ಕಾಲ ಹೋದಂತೆ ಹೇಗೆ ಬದಲಾದವು ಎಂಬುದು ಅವಳ ವಿಷಯ. ತೊಗರಿಯ ಮೇಲೆ ಸಂಶೋಧನೆ ಮಾಡುವುದು ನನಗೆ ಗೊತ್ತಿತ್ತು. ಹಾಗೆ ಸಂಶೋಧನೆ ಮಾಡಿದವರ ಮೇಲೆಯೇ ಸಂಶೋಧನೆ ಮಾಡುತ್ತಾರೆಂದು ಗೊತ್ತಿರಲಿಲ್ಲ.

ಅವಳು ಒಂದು ದೊಡ್ಡ ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಚ್ಚಿದಳು. ಅದು ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ನನ್ನ ಊಟದ ಡಬ್ಬಿ ಇಟ್ಟಳು. ಹಾಳೆಯ ತುಂಬ ಚುಕ್ಕಿ, ಗೆರೆ. ಒಬ್ಬೊಬ್ಬರಿಗೆ ಒಂದು ಚುಕ್ಕಿ. ಇಬ್ಬರು ಕೂಡಿ ಬರೆದಿದ್ದರೆ ನಡುವೆ ಒಂದು ಗೆರೆ.

"ಇಲ್ಲಿ ನೋಡ್ರಿ ಸರ್," ಎಂದು ಬೆರಳಿಟ್ಟು ತೋರಿಸಿದಳು. "ಈ ನಾಲ್ಕು ಚುಕ್ಕಿ ಒಂದಕ್ಕೊಂದು ಅಂಟಿಕೊಂಡಂಗ ಅವ. ಒಬ್ರ ಹೆಸರು ಬಂದಲ್ಲಿ ನಾಲ್ಕೂ ಮಂದಿ ಹೆಸರು ಬರ್ತದ. ಮುಂದ ಒಮ್ಮಿಗೇ ಚದುರಿ ಹೋಗ್ತಾವ. ಇದು ಹುಳದವ್ರ ಗುಂಪಿಗೆ ಹೋತು. ಇದು ತಳಿಯವ್ರ ಗುಂಪಿಗೆ. ಇದು ಅಲ್ಲಿಗೇ ನಿಂತುಬಿಡ್ತದ. ಇದೊಂದ ಮಾತ್ರ ಯಾರ ಕೂಡನೂ ಕೂಡಂಗಿಲ್ಲ."

"ಅದು ನಾನೇ ಅವ್ವ."

"ಗೊತ್ತದ್ರಿ. ಅದಕ್ಕ ಬಂದೀನಿ. ಇಲ್ಲಿ ಏನಾತ್ರಿ ಸರ್? ಜಗಳ ಏನಾರ ಆತೇನ್ರಿ?"

"ಜಗಳ ಇಲ್ಲ. ವರ್ಗಾವಣಿ ಆತು."

ಅವಳು ಹಾಗೆಯೇ ಬರೆದುಕೊಂಡಳು. ಚಹಾ ಕುಡಿದು, ಇನ್ನಷ್ಟು ಹೆಸರು ಕೇಳಿಕೊಂಡು, ಗುಲ್ಬರ್ಗಾದ ಬಸ್ಸು ಹಿಡಿಯಲು ಹೋದಳು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ವರ್ಷದ ಬಗ್ಗೆ ಯಾರೂ ನನ್ನನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವಳು ಹೋದ ಮೇಲೆ ಎಷ್ಟೋ ಹೊತ್ತು ಎದ್ದು ಹೋಗಲು ಮನಸ್ಸಾಗದೆ ಅಲ್ಲೇ ಕುಳಿತಿದ್ದೆ.

ಎಂಬತ್ತರ ದಶಕ ಆಗ ತಾನೆ ಶುರುವಾಗಿತ್ತು. ನಾವು ನಾಲ್ವರು. ಹಿರಿಯರು ದೇಶಮುಖ ಸರ್. ಅವರು ಗುಲ್ಬರ್ಗಾದಲ್ಲಿ ಇದ್ದರು. ಅವರ ಕೈಕೆಳಗೆ ಮೂರು ತಾಲ್ಲೂಕಿನಲ್ಲಿ ನಾವು ಮೂವರು. ಜೇವರ್ಗಿಯಲ್ಲಿ ಇಬ್ರಾಹಿಂ. ಹುಳುಗಳನ್ನು ಓದಿದವನು. ಅವನ ಖೋಲಿಯ ಕಿಟಕಿಯ ಮೇಲೆಲ್ಲ ಗಾಜಿನ ಬಾಟಲಿ, ಬಾಟಲಿಯೊಳಗೆಲ್ಲ ಕಾಯಿಕೊರಕ ಹುಳ. ಆಳಂದದಲ್ಲಿ ಶಾರದಾ. ನಮ್ಮಲ್ಲಿ ಕಿರಿಯಳು, ತಳಿಗಳನ್ನು ಓದಿದವಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಾಲಿನಲ್ಲಿ ಇಳಿದಳೆಂದರೆ ಬಿಸಿಲು ಇಳಿಯುವವರೆಗೆ ಹೊರಗೆ ಬರುತ್ತಿರಲಿಲ್ಲ. ನನ್ನನ್ನು ಮೊದಲ ದಿನದಿಂದಲೇ ಅಣ್ಣಾ ಎಂದು ಕರೆದಳು. ನಾನು ಅಫಜಲಪುರದಲ್ಲಿ. ಗಿಡದ ರೋಗ ನನ್ನ ಪಾಲು.

ನಮ್ಮ ಕೆಲಸ ನೆಟೆ ರೋಗದ ಮೇಲೆ. ತೊಗರಿ ಹೂವಿಗೆ ಬಂದಾಗ, ಮಣ್ಣಿನಲ್ಲಿ ಹಸಿ ಇದ್ದರೂ, ಗಿಡ ನಿಂತಲ್ಲೇ ಒಣಗುತ್ತದೆ. ಬುಡದ ಸಿಪ್ಪೆ ಸುಲಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಬೇರಿನಿಂದ ಮೇಲೆ ನೀರು ಏರುವ ದಾರಿಯನ್ನೇ ಅದು ಕಟ್ಟಿಬಿಟ್ಟಿರುತ್ತದೆ. ಕೆಲವು ತೊಗರಿ ತಳಿಗಳನ್ನು ಮೂರೂ ಕಡೆ ಬಿತ್ತುವುದು, ಒಂದು ಭಾಗದಲ್ಲಿ ನಡುವೆ ಜೋಳದ ಸಾಲು ಹಾಕುವುದು, ಇನ್ನೊಂದು ಭಾಗದಲ್ಲಿ ಬರೀ ತೊಗರಿ. ಎಲ್ಲಿ ಎಷ್ಟು ಗಿಡ ಸತ್ತವು ಎಂದು ನೋಡುವುದು. ಇದನ್ನು ಹಲವು ವರ್ಷ ಬಿಡದೆ ಮಾಡಿದ್ದೆವು. ಅದು ಕೊನೆಯ ವರ್ಷ. ಮೂರೂ ಕಡೆಯದು ಕೂಡಿದರೆ ಮಾತ್ರ ಅದಕ್ಕೆ ಅರ್ಥ. ಒಂದು ಹೊಲ ತಪ್ಪಿದರೂ ಹಿಂದಿನ ವರ್ಷಗಳ ದುಡಿಮೆ ಮಣ್ಣುಪಾಲು.

ದೇಶಮುಖ ಸರ್ ನಮ್ಮನ್ನು ಭಾನುವಾರಕ್ಕೊಮ್ಮೆ ತಮ್ಮ ಮನೆಗೆ ಕರೆಯುತ್ತಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡುತ್ತಿದ್ದೆವು. ಅವರ ಹೆಂಡತಿ, ನಮಗೆಲ್ಲ ಅಮ್ಮನವರು, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಡುತ್ತಿದ್ದರು. ಉಂಡ ಮೇಲೆ ಜಗಳ ಶುರು. ಹುಳ ತಿಂದು ಸತ್ತ ಗಿಡವೋ ರೋಗ ಬಂದು ಸತ್ತ ಗಿಡವೋ ಎಂದು ಇಬ್ರಾಹಿಂ ಮತ್ತು ನಾನು ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. ಯಾರ ಹೆಸರು ಮೊದಲು ಎಂಬ ಜಗಳ ಮಾತ್ರ ಇರಲಿಲ್ಲ. ಅದಕ್ಕೆ ಸರ್ ಸರದಿ ಮಾಡಿಟ್ಟಿದ್ದರು. ಒಂದು ವರ್ಷ ಒಬ್ಬರದು ಮೊದಲು, ಮುಂದಿನ ವರ್ಷ ಇನ್ನೊಬ್ಬರದು, ಅವರದು ಯಾವಾಗಲೂ ಕೊನೆಗೆ.

ನಮಗಿಂತ ಮೊದಲು ಅವರಿಗೆ ಬೇರೆ ಗುಂಪಿತ್ತು, ಜೋಳದ ಗುಂಪು. ಅದರಲ್ಲಿ ಒಬ್ಬರು ತೀರಿಕೊಂಡರು, ಒಬ್ಬರು ಬೆಂಗಳೂರಿನ ಕಡೆ ಹೋದರು, ಇನ್ನಿಬ್ಬರು ಅವರೊಡನೆ ಮಾತು ಬಿಟ್ಟರು. "ಹೊಲಾ ಅಲ್ಲೇ ಇರ್ತದ, ಬಿತ್ತವ್ರು ಬದಲಾಗ್ತಾರ," ಎಂದು ನಗುತ್ತಾ ಹೇಳುತ್ತಿದ್ದರು. ನಮಗೆ ಅದು ಹಳೆಯ ಕಾಲದ ಮಾತು ಅನ್ನಿಸುತ್ತಿತ್ತು.

ಆ ವರ್ಷ ಶಿವರಾತ್ರಿಯ ಸುಮಾರಿಗೆ ನನ್ನ ಹೆಂಡತಿ ಸುಭದ್ರಾ ತವರುಮನೆ ಹಿರೋಳ್ಳಿಯಲ್ಲಿ ಹೆತ್ತಳು. ಹೆಣ್ಣುಮಗು. ಹೆತ್ತ ಮೇಲೆ ಜ್ವರ ಬಂತು. ಆಳಂದದ ಡಾಕ್ಟರಿಗೆ ತೋರಿಸಿದೆವು, ಗುಲ್ಬರ್ಗಾಕ್ಕೂ ಒಯ್ದೆವು. ಜ್ವರ ಇಳಿಯಲಿಲ್ಲ. ಯುಗಾದಿಗೆ ಮೊದಲೇ ಅವಳು ಹೋದಳು. ಅವಳ ತವರಿನ ಹೊಲದಲ್ಲೇ, ಬದುವಿನ ಹತ್ತಿರ, ಮಣ್ಣು ಮಾಡಿದೆವು. ಶಾರದಾ ನೋಡಿಕೊಳ್ಳುತ್ತಿದ್ದ ಪ್ರಯೋಗದ ಹೊಲವೂ ಅದೇ. ಮದುವೆಯಾದ ಹೊಸದರಲ್ಲಿ ನಾನೇ ಅತ್ತೆ ಗಂಗಮ್ಮನವರನ್ನು ಕೇಳಿ ಅದರಲ್ಲಿ ಒಂದು ತುಂಡನ್ನು ಪ್ರಯೋಗಕ್ಕೆ ಕೊಡಿಸಿದ್ದೆ.

ಮಣ್ಣು ಹಾಕುವಾಗ ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಆಮೇಲೆ ಬಂದೀತು ಅಂದುಕೊಂಡೆ. ಬರಲಿಲ್ಲ. ಸರಸಂಬಾದಿಂದ ಬಂದಿದ್ದ ನನ್ನ ಅಣ್ಣ ಭುಜ ಹಿಡಿದು ಅಲ್ಲಾಡಿಸಿ, "ಅಳೋ ತಮ್ಮಾ, ಒಮ್ಮೆ ಅತ್ತುಬಿಡು," ಎಂದ. ನಾನು ಅವನ ಮುಖ ನೋಡಿದೆ. ಅವನು ಹೇಳುವುದು ಸರಿ ಅನ್ನಿಸಿತು. ಅಷ್ಟೇ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಅಫಜಲಪುರಕ್ಕೆ ಬಂದೆ.

ಮೃಗಶಿರಾ ಮಳೆ ತಡವಾಗಿ ಬಂದಿತು. ಬಂದದ್ದು ಮಾತ್ರ ಚೆನ್ನಾಗಿ ಬಂದಿತು. ಕಪ್ಪು ಎರೆ ಮಣ್ಣು ಚಪ್ಪಲಿಗೆ ಅಂಟಿ ಕಾಲು ಎತ್ತಲಾರದಷ್ಟು ಭಾರವಾಗುತ್ತಿತ್ತು. ಹದ ನೋಡಿ ಕೂರಿಗೆ ಹೂಡಿಸಿದೆ. ಸಾಲು ಅಳೆದೆ, ಗೂಟ ಹೊಡೆಸಿದೆ, ಚೀಟಿ ಕಟ್ಟಿದೆ. ಯಾವುದೂ ತಪ್ಪಲಿಲ್ಲ. ಹಿಂದಿನ ವರ್ಷಗಳಿಗಿಂತ ಅಚ್ಚುಕಟ್ಟಾಗಿಯೇ ಆಯಿತು. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಒಂದು ದಿನ ಖಾನಾವಳಿಯ ಅಕ್ಕ ಓಡಿ ಬಂದು, "ಯವ್ವಾ, ಇವತ್ತ ಸಾರಿಗಿ ಉಪ್ಪೇ ಹಾಕಿಲ್ಲಂತ್ರಿ, ಎಲ್ಲಾರೂ ತಾಟ್ ಸರಿಸಿ ಕುಂತಾರ, ನೀವ್ಯಾಕ ಹೇಳ್ಲಿಲ್ರಿ?" ಎಂದಳು. ನನ್ನ ತಾಟು ಅಷ್ಟರಲ್ಲಿ ಖಾಲಿಯಾಗಿತ್ತು.

ಭಾನುವಾರದ ಕೂಟಕ್ಕೆ ತಪ್ಪದೆ ಹೋಗುತ್ತಿದ್ದೆ. ಶಾರದಾ ಹಿರೋಳ್ಳಿಯ ಹೊಲದ ಸುದ್ದಿ ಹೇಳುವಾಗ ಅದರ ಜೊತೆಗೇ ಕೂಸಿನ ಸುದ್ದಿಯನ್ನೂ ಹೇಳುತ್ತಿದ್ದಳು. ಮೊಳಕೆ ಚಲೋ ಬಂದದ. ಕೂಸು ಮಗ್ಗಲಾಗ್ಯಾದ. ಜೋಳ ಮೊಣಕಾಲಿಗೆ ಬಂದದ. ಕೂಸು ನಕ್ಕರ ಸುಭದ್ರಕ್ಕನಂಗೇ ಕಾಣ್ತದ ಅಣ್ಣಾ. ಎರಡಕ್ಕೂ ನಾನು ಹೂಂ ಅನ್ನುತ್ತಿದ್ದೆ. ಹೊಲದ ಅಂಕಿಗಳು ನೆನಪಿನಲ್ಲಿ ಉಳಿಯುತ್ತಿದ್ದವು. ಕೂಸಿನ ಸುದ್ದಿ ಕಿವಿಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಮುಂದಿನ ವಾರ ಬಾ ಎಂದು ಅವಳು ಕರೆಯುತ್ತಿದ್ದಳು. ಹೂಂ, ಬರ್ತೇನಿ ಅನ್ನುತ್ತಿದ್ದೆ. ಹೋಗಲಿಲ್ಲ. ಹೋಗಬಾರದು ಎಂದು ನಿರ್ಧಾರ ಮಾಡಿದ್ದೇನಲ್ಲ. ಆಳಂದದ ಬಸ್ಸು ಬಂದು ನಿಂತರೆ ಹತ್ತಬೇಕೆಂದು ಕಾಲಿಗೆ ತೋಚುತ್ತಿರಲಿಲ್ಲ.

ಗಣೇಶನ ಹಬ್ಬದ ಮುಂದೆ ಮೇಲಿನ ಸೀಮೆಯಲ್ಲಿ ಮಳೆಯಾಗಿ ಭೀಮಾ ನದಿ ತುಂಬಿತು. ನನ್ನ ಹೊಲ ನದಿಯಿಂದ ದೂರವೇ ಇತ್ತು. ಆದರೆ ಹಳ್ಳದ ನೀರು ನದಿಗೆ ಸೇರಲಾರದೆ ಹಿಂದಕ್ಕೆ ಒತ್ತಿ, ಕೆಳಗಿನ ಸಾಲುಗಳಲ್ಲಿ ನಿಲ್ಲತೊಡಗಿತು. ತೊಗರಿಗೆ ಬುಡದಲ್ಲಿ ನೀರು ನಿಂತರೆ ಮುಗಿಯಿತು. ನಾನು ಬದುವಿನ ಮೇಲೆ ಛತ್ರಿ ಹಿಡಿದು ನಿಂತು ನೋಡುತ್ತಿದ್ದೆ. ಆಗ ಜೇವರ್ಗಿಯಿಂದ ಇಬ್ರಾಹಿಂ ಬಂದ. ಸುದ್ದಿ ಕೇಳಿ ಯಾವುದೋ ಲಾರಿ ಹತ್ತಿ ಬಂದಿದ್ದನಂತೆ. ತಲೆಯ ಮೇಲಿನ ಟೊಪ್ಪಿಗೆಯಿಂದ ನೀರು ಸುರಿಯುತ್ತಿತ್ತು.

"ಏನ್ ನೋಡಾಕತ್ತೀ ಶರಣು? ಸಲಕಿ ಎಲ್ಲದ?"

"ನಿಲ್ಲಂಗಿಲ್ಲ ಬಿಡು, ಇಳದು ಹೋಗ್ತದ."

"ಯಾವಾಗ ಇಳೀತದ? ಗಿಡ ಸತ್ತ ಮ್ಯಾಲೇನು? ಮೂರು ಹೊಲದಾಗ ಒಂದು ಹೋದ್ರ ಏನುಳೀತದಪಾ? ತಗೀ ಸಲಕಿ!"

ಪಕ್ಕದ ಹೊಲದವರಿಂದ ಎರಡು ಸಲಿಕೆ ತಂದ. ಇಬ್ಬರೂ ಪ್ಯಾಂಟು ಮಡಚಿ ಇಳಿದೆವು. ಬದು ಒಡೆದು ಓಣಿಯ ಕಡೆ ಕಾಲುವೆ ತೋಡಿದೆವು. ಅವನು ತೋಡುತ್ತಾ ಬೈಯುತ್ತಿದ್ದ, ಬೈಯುತ್ತಾ ಹಾಡುತ್ತಿದ್ದ. ಸಂಜೆಗೆ ನೀರು ಸರಿಯಿತು. ಕೆಳಗಿನ ಕೆಲವು ಸಾಲು ಹೋದವು, ಉಳಿದದ್ದು ಉಳಿಯಿತು. ಖೋಲಿಗೆ ಬಂದು ಒದ್ದೆ ಬಟ್ಟೆ ಹಿಂಡುವಾಗ ಅವನು ಸುಮ್ಮನೆ ನನ್ನ ಮುಖ ನೋಡಿದ. "ನಿಂಗ ಸಿಟ್ಟಾರ ಬರ್ಲಿ ಅಂತ ಬೈದೆ. ಅದೂ ಬರ್ಲಿಲ್ಲ ನೋಡು," ಎಂದ.

ಮುಂದಿನ ಭಾನುವಾರವೇ ದೇಶಮುಖ ಸರ್ ಹೊಸ ಸುದ್ದಿ ಹೇಳಿದ್ದು. ಊಟದ ಮೊದಲೇ ಹೇಳಿಬಿಟ್ಟರು.

"ಮ್ಯಾಲಿನಿಂದ ಹೊಸ ಯೋಜನಾ ಬಂದದ. ಇನ್ನ ಮುಂದ ಸೀಮಿಗೊಂದು ಗುಂಪು ಅಂತ ಇಲ್ಲ. ಹುಳದವ್ರೆಲ್ಲಾ ಒಂದ ಕಡಿ, ತಳಿಯವ್ರೆಲ್ಲಾ ಒಂದ ಕಡಿ, ರೋಗದವ್ರೆಲ್ಲಾ ಒಂದ ಕಡಿ. ಇಬ್ರಾಹಿಂ ಹೈದ್ರಾಬಾದಿಗೆ ಹೋಗಬೇಕು. ಶಾರದಾ ರಾಯಚೂರಿಗೆ. ದಸರಾ ಮುಗದ ಕೂಡಲೇ."

"ಶರಣಪ್ಪಂದ್ರಿ?" ಎಂದ ಇಬ್ರಾಹಿಂ.

"ಅವರ ಆರ್ಡರ್ ಇನ್ನೂ ಬಂದಿಲ್ಲ. ಬರ್ತದ. ನಂದಂತೂ ಸಂಕ್ರಾಂತಿ ಹೊತ್ತಿಗಿ ರಿಟೈರ್ ಆತು."

ಶಾರದಾಳ ಮುಖ ಕೆಂಪಾಯಿತು. "ಕಾಯಿ ಕಟ್ಟೋ ಹೊತ್ತಿನಾಗ ಯಾರಾರ ಹೊಲಾ ಬಿಟ್ಟು ಹೋಗ್ತಾರೇನ್ರಿ ಸರ್? ಇನ್ನೊಂದು ಸುಗ್ಗಿ ತಡೀಲಿಕ್ಕೆ ಅವ್ರಿಗೇನ್ರಿ?"

"ಕೇಳೀನವ್ವ. ಕೈಮುಗದು ಕೇಳೀನಿ."

ಹೈದರಾಬಾದಿನಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಇದೆ, ಹುಳುಗಳಿಗೇ ಒಂದು ದೊಡ್ಡ ಕೋಣೆ ಇದೆ ಎಂದು ಇಬ್ರಾಹಿಂ ಎಷ್ಟೋ ಸಲ ಆಸೆಯಿಂದ ಹೇಳಿದ್ದ. ಈಗ ಅದು ತಾನಾಗಿ ಬಂದಿತ್ತು. ಸಂತೋಷಪಡಲು ಅವನಿಗೆ ನಾಚಿಕೆ. ರೊಟ್ಟಿ ಮುರಿದು ಮುರಿದು ತಾಟಿನಲ್ಲಿ ಇಡುತ್ತಿದ್ದ, ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಮ್ಮನವರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಎಲ್ಲರನ್ನೂ ನಾನು ನೋಡುತ್ತಿದ್ದೆ. ಗುಂಪು ಒಡೆಯುತ್ತಿದೆ ಎಂದು ತಿಳಿಯಿತು. ದುಃಖ ಆಗಬೇಕಿತ್ತು ಎಂದೂ ತಿಳಿಯಿತು. ನಾನು ಒಬ್ಬನೇ ಹೊಟ್ಟೆ ತುಂಬ ಉಂಡೆ.

ಬಸ್ ನಿಲ್ದಾಣಕ್ಕೆ ನಡೆದುಕೊಂಡು ಹೋಗುವಾಗ ಶಾರದಾ ನನ್ನ ಜೊತೆಗಿದ್ದಳು.

"ಅಣ್ಣಾ, ನಾ ಹೋದ ಮ್ಯಾಲ ಹಿರೋಳ್ಳಿಗೆ ಯಾರು ಹೋಗ್ತಾರ?"

"ಸರ್ ಯಾರನ್ನಾರ ಕಳಸ್ತಾರ. ಹೂವಿನ ಹೊತ್ತಿನ ಎಣಿಕಿ ಒಂದು ತಪ್ಪಬಾರದು, ಅಷ್ಟ."

ಅವಳು ನಿಂತಳು. "ನಾ ಹೊಲದ ಮಾತು ಆಡಾಕತ್ತಿಲ್ಲ," ಎಂದಳು. ಆಳಂದದ ಬಸ್ಸು ಬಂದಾಗ ಹತ್ತಿ ಹೋದಳು.

ದಸರಾ ಮುಗಿಯಿತು. ಇಬ್ರಾಹಿಂ ಹೋದ. ಅವನ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ಟ್ರಂಕಿಗೆ ತುಂಬಲು ನಾನೇ ಜೇವರ್ಗಿಗೆ ಹೋಗಿದ್ದೆ. ಶಾರದಾ ಹೋದಳು. ಜೇವರ್ಗಿಯ ಹೊಲ ನೋಡಲು ಸರ್ ತಾವೇ ಹೋಗಿಬರುತ್ತೇನೆಂದರು. ಅದು ಗುಲ್ಬರ್ಗಾದಿಂದ ನೇರ ದಾರಿ. ಹಿರೋಳ್ಳಿಯ ಹೊಲಕ್ಕೆ ಯಾರೂ ಇರಲಿಲ್ಲ. ಪಡಸಾಲೆಯಲ್ಲಿ ಈಗ ನಾವಿಬ್ಬರೇ. ಸರ್ ಬಹಳ ಹೊತ್ತು ಕೆಮ್ಮಿದರು.

"ಶರಣಪ್ಪನವ್ರ, ನಿಮಗ ಹೇಳಬಾರದು ಅಂತ ಇದ್ದೆ. ಬ್ಯಾರೆ ದಾರಿ ಕಾಣವಲ್ದು. ನೀವ ಹೋಗಬೇಕು."

"ಹೋಗ್ತೇನ್ರಿ," ಎಂದೆ. ಕೆಲಸ ಎಂದ ಮೇಲೆ ಹೋಗಲೇಬೇಕು. ಯಾರಾದರೂ ಒಬ್ಬರು ಉಳಿದಿದ್ದರೆ ಆ ವರ್ಷ ನಾನು ಹಿರೋಳ್ಳಿಯ ಬಸ್ಸು ಹತ್ತುತ್ತಿರಲಿಲ್ಲ.

ನಾನು ಹೋದಾಗ ಹೊಲ ಹಳದಿ ಹೂವಿನಲ್ಲಿ ನಿಂತಿತ್ತು. ಚಳಿ ಶುರುವಾಗಿತ್ತು, ಬಿಸಿಲು ಹಿತವಾಗಿತ್ತು. ಆಳಿನ ಹೆಣ್ಣುಮಕ್ಕಳು ಗಿಡದ ಬುಡಕ್ಕೆ ಹಳೆಯ ಸೀರೆ ಹಾಸಿ, ಗಿಡ ಅಲ್ಲಾಡಿಸಿ ಹುಳ ಉದುರಿಸುತ್ತಿದ್ದರು. ಬದುವಿನ ಬೇವಿನ ಗಿಡಕ್ಕೆ ಒಂದು ಜೋಳಿಗೆ ಕಟ್ಟಿದ್ದರು. ಅತ್ತೆ ಅದನ್ನು ತೂಗುತ್ತಾ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಏನೋ ಗುನುಗುತ್ತಿದ್ದರು. ನನ್ನನ್ನು ಕಂಡು ಎದ್ದರು. ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಕೇಳಲಿಲ್ಲ. ತಂಬಿಗೆಯಲ್ಲಿ ನೀರು ಕೊಟ್ಟರು.

"ಬರ್ರಿ, ಕುಂದರ್ರಿ. ಬಿಸಲಾಗ ನಡದ ಬಂದೀರಿ," ಎಂದು ಜೋಳಿಗೆಯ ಕಡೆ ಬಾಗಿ, "ಉಮಾ, ಏಳವ್ವ, ನೋಡ ಯಾರ್ ಬಂದಾರ," ಎಂದರು.

"ಉಮಾ ಅಂದ್ರ ಯಾರ್ರಿ ಅತ್ತಿ?"

ಅತ್ತೆ ನನ್ನನ್ನೇ ನೋಡಿದರು. "ನಿಮ್ಮ ಮಗಳ್ರಿ."

ಆಮೇಲೆ ಅವರೇ ನಿಧಾನವಾಗಿ ಹೇಳಿದರು. "ಶ್ರಾವಣದಾಗ ಹೆಸರಿಟ್ವಿ. ಆ ಶಾರದವ್ವ ಬಂದಾಕಿ, ಎಷ್ಟ ದಿನ ಕೂಸು ಕೂಸು ಅಂತ ಕರೀತೀರಿ ಅಂದ್ಲು. ಕಿವ್ಯಾಗ ಹೆಸರು ಹೇಳಾಕ ಸ್ವಾದರತ್ತಿ ಬೇಕಲ್ಲವ್ವ, ನಮ್ಮ ಅಳಿಯಂದ್ರಿಗೆ ಅಕ್ಕ ತಂಗಿ ಇಲ್ಲ ಅಂದೆ. ನಾ ಇಲ್ಲೇನ್ರಿ ಅಂದ್ಲು. ಆಕಿನೇ ತೊಟ್ಟಲಕ್ಕ ಹಾಕಿದ್ಲು, ಆಕಿನೇ ಹೆಸರು ಹೇಳಿದ್ಲು. ಇಬ್ರಾಹಿಂ ಸಾಹೇಬ್ರು ಜೇವರ್ಗಿಯಿಂದ ಬೆಳ್ಳಿ ಕಡಗ ತಂದಿದ್ರು. ಇಬ್ರೂ ಉಂಡು ಹೋದ್ರು."

"ನನಗ ಯಾರೂ ಹೇಳ್ಲಿಲ್ಲಲ್ರಿ."

"ಹೇಳಿದ್ರಂತಲ್ರಿ. ಕರದ್ರಂತ, ಹೆಸರೂ ಹೇಳಿದ್ರಂತ. ನೀವು ಹೂಂ ಅಂದ್ರಂತ."

ಜೋಳಿಗೆಯಿಂದ ಕೂಸನ್ನು ಎತ್ತಿಕೊಂಡು ನನ್ನ ಕಡೆ ತಿರುಗಿಸಿದರು. ಅದು ನಿದ್ದೆಗಣ್ಣಿನಲ್ಲಿ ನನ್ನನ್ನು ನೋಡಿತು. ತುಟಿ ಸೊಟ್ಟ ಮಾಡಿ ಜೋರಾಗಿ ಅತ್ತಿತು. ಅತ್ತೆಯ ಹೆಗಲಿಗೆ ಮುಖ ಒತ್ತಿತು. ಕಾಲಿನ ಕಡಗ ಮಾತ್ರ ನನ್ನ ಕಡೆ ಕಾಣುತ್ತಿತ್ತು. ನನಗೆ ಕೈ ಮುಂದೆ ಮಾಡಬೇಕೋ ಬೇಡವೋ ತಿಳಿಯಲಿಲ್ಲ. ಎದ್ದು ಹೊಲಕ್ಕೆ ಇಳಿದೆ.

ಒಂದೊಂದೇ ಸಾಲು ನೋಡಿದೆ. ಒಣಗಿದ ಗಿಡ ಕಿತ್ತು, ಸಿಪ್ಪೆ ಸುಲಿದು, ಗೆರೆ ನೋಡಿ ಬರೆದೆ. ಜೋಳದ ಸಾಲುಗಳ ನಡುವೆ ಸತ್ತ ಗಿಡ ನಿಜವಾಗಿಯೂ ಕಡಿಮೆ ಇದ್ದವು. ಕೊನೆಯ ಸಾಲು ಮುಗಿಯುವ ಕಡೆ ಸುಭದ್ರಾಳ ಸಮಾಧಿ. ಮಳೆಗೆ ಮಣ್ಣು ಕುಗ್ಗಿತ್ತು. ಮೇಲೆ ಯಾರೋ ವಿಭೂತಿ ಹಚ್ಚಿದ ಕಲ್ಲು ಇಟ್ಟಿದ್ದರು. ಅಲ್ಲಿ ನಿಂತೆ. ಶಾರದಾ ಇಡೀ ಹಂಗಾಮು ಪ್ರತಿ ಸಲ ಈ ಸಾಲಿನ ಕೊನೆಗೆ ಬಂದು, ಇಲ್ಲಿಂದ ಹಿಂದಿರುಗಿ, ಭಾನುವಾರ ನನ್ನ ಎದುರು ಕುಳಿತು ಅಂಕಿ ಓದಿದ್ದಾಳೆ ಎಂದು ಆಗ ಹೊಳೆಯಿತು. ಪೆನ್ಸಿಲು ಜೇಬಿಗೆ ಹಾಕಿ, ಜಾರಿದ ಮಣ್ಣನ್ನು ಕೈಯಿಂದ ಮತ್ತೆ ಮೇಲೇರಿಸಿ ಒತ್ತಿದೆ. ಬೇರೇನೂ ಆಗಲಿಲ್ಲ.

ಆಮೇಲೆ ವಾರಕ್ಕೊಮ್ಮೆ ಹೋದೆ. ಎಣಿಕೆ ಇತ್ತಲ್ಲ. ಅತ್ತೆ ರೊಟ್ಟಿ ಕಟ್ಟಿಕೊಡುತ್ತಿದ್ದರು. ಉಮಾ ಅಂಬೆಗಾಲಿಡತೊಡಗಿದ್ದಳು. ನನ್ನನ್ನು ಕಂಡರೆ ಅಳುವುದು ಬಿಟ್ಟಳು. ದೂರದಿಂದ ನೋಡುತ್ತಿದ್ದಳು, ಅಷ್ಟೇ. ನಾನೂ ದೂರದಿಂದ ನೋಡುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಮೂರೂ ಕಡೆಯ ರಾಶಿ ಮುಗಿಯಿತು. ಅಂಕಿಗಳನ್ನು ಕೂಡಿಸಿ ನೋಡಿದಾಗ ದೇಶಮುಖ ಸರ್ ಕನ್ನಡಕ ತೆಗೆದು ಇಟ್ಟರು. ಮೂರು ಮಣ್ಣಿನಲ್ಲೂ ಒಂದೇ ಮಾತು ಬಂದಿತ್ತು: ಜೋಳದ ಸಾಲು ಇದ್ದಲ್ಲಿ ನೆಟೆ ರೋಗ ಕಡಿಮೆ. "ಗೆದ್ವಿ ನೋಡ್ರಿ," ಎಂದರು. ನನಗೂ ಅದು ದೊಡ್ಡ ಮಾತು ಎಂದು ಗೊತ್ತಿತ್ತು.

ಅವರ ಬೀಳ್ಕೊಡುಗೆಗೆ ಇಬ್ರಾಹಿಂ ಮತ್ತು ಶಾರದಾ ಇಬ್ಬರೂ ಬಂದರು. ಅದೇ ಪಡಸಾಲೆ, ಅದೇ ಪುಂಡಿಪಲ್ಯ. ಇಬ್ರಾಹಿಂ ಹೊಸ ಕೋಟು ಹಾಕಿದ್ದ. ಹೈದರಾಬಾದಿನ ಗೆಳೆಯರ ಹೆಸರು ಅವನ ಮಾತಿನಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ನಾವು ನೋಡದ ಹುಳು, ನಾವು ಕೇಳದ ಔಷಧ. ಶಾರದಾ ರಾಯಚೂರಿನ ತನ್ನ ಜೊತೆಯವರ ಬಗ್ಗೆ ಹೇಳಿದಳು. ಅವರ ನಗೆಚಾಟಿಕೆ ಅವಳಿಗೆ ಮಾತ್ರ ಅರ್ಥವಾಗುತ್ತಿತ್ತು. ಒಬ್ಬರು ಹೇಳುವಾಗ ಉಳಿದವರು ತಲೆಯಾಡಿಸಿದೆವು. ಯಾರೂ ವಾದ ಮಾಡಲಿಲ್ಲ. ವಾದ ಇಲ್ಲದ ಭಾನುವಾರ ಅಲ್ಲಿ ಅದೇ ಮೊದಲು. ಜಗಳವಾಡಿ ಒಡೆದಿದ್ದರೆ ಇನ್ನೂ ಏನಾದರೂ ಉಳಿದಿರುತ್ತಿತ್ತೇನೋ. ನಾವು ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ಇದ್ದೆವು.

ಹೊರಡುವಾಗ ಶಾರದಾಳನ್ನು ನಾನು ಕರೆದು ನಿಲ್ಲಿಸಿದೆ.

"ಉಮಾ ಅಂತ ಚಲೋ ಹೆಸರಿಟ್ಟೀರಿ."

ಅವಳಿಗೆ ಕಣ್ಣು ತುಂಬಿತು. "ಈಗ ಕೇಳಿಸ್ತೇನು ಅಣ್ಣಾ?" ಎಂದಳು.

ನನ್ನ ಆರ್ಡರ್ ಬಂದದ್ದು ಆಗಲೇ. ರೋಗದವರ ಗುಂಪಿಗೆ, ದೂರದ ದೊಡ್ಡ ಕೇಂದ್ರಕ್ಕೆ. ಕಚೇರಿಯವರೆಲ್ಲ ಕೈಕುಲುಕಿದರು. ನಾನು ಶಾರದಾ ಬಿಟ್ಟು ಹೋಗಿದ್ದ ಆಳಂದದ ಜಾಗ ಕೇಳಿದೆ. ಸರ್ ಬೇಡವೆಂದರು.

"ಅಲ್ಲಿ ಒಬ್ರೇ ಆಗ್ತೀರಿ. ಈಗಿನ ಕಾಲದಾಗ ಒಬ್ಬನ ಕೆಲಸ ಯಾರೂ ನೋಡಂಗಿಲ್ಲ. ಗುಂಪಿನಾಗ ಇದ್ರ ಹೆಸರು ಉಳೀತದ."

"ಹೌದ್ರಿ ಸರ್."

"ಮತ್ತ?"

"ಹಿರೋಳ್ಳಿ ಅಲ್ಲಿಂದ ಹತ್ರ ಅದರಿ."

ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಮಗಳ ಮೇಲಿನ ಪ್ರೀತಿಯಿಂದ ಹಾಗೆ ಕೇಳಿದೆ ಎಂದು ಅವರು ತಿಳಿದರು. ಪ್ರೀತಿ ಅನ್ನುವಂಥದ್ದು ಆಗ ನನ್ನಲ್ಲಿ ಏನೂ ಕಾಣುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗುವ ದಾರಿ ಒಂದು ಬಿದ್ದಿತ್ತು. ಅದನ್ನು ಬಿಡುವುದಕ್ಕೂ ಕಾರಣ ಕಾಣಲಿಲ್ಲ.

ಪ್ರಬಂಧ ಅಚ್ಚಾಗಿ ಬಂದಿತು. ಸರದಿಯಂತೆ ಆ ಸಲ ನನ್ನ ಹೆಸರು ಮೊದಲು. ನಾಲ್ಕು ಹೆಸರು ಕೂಡಿ ಬಂದದ್ದು ಅದೇ ಕೊನೆ. ಮುಂದೆ ಇಬ್ರಾಹಿಂನ ಗುಂಪು ದೊಡ್ಡದಾಯಿತು. ಶಾರದಾಳ ಗುಂಪು ಬೇರೆ ರಾಜ್ಯದ ತಳಿಯವರೊಡನೆ ಸೇರಿತು. ಕೆಲವು ವರ್ಷಗಳ ನಂತರ ಅವೆರಡೂ ಗುಂಪುಗಳು ಇನ್ನೊಂದು ದೊಡ್ಡ ಯೋಜನೆಯಲ್ಲಿ ಕೂಡಿದವು. ಆಗ ಅವರಿಬ್ಬರ ಹೆಸರು ಒಂದೇ ಪುಟದಲ್ಲಿ ಮತ್ತೆ ಬರುತ್ತಿತ್ತು, ನಡುವೆ ಹತ್ತಾರು ಅಪರಿಚಿತರ ಹೆಸರು. ದೇಶಮುಖ ಸರ್ ತೀರಿಕೊಂಡಾಗ ಪಡಸಾಲೆ ತುಂಬ ಜನ. ಅವರಲ್ಲಿ ಜೋಳದ ಗುಂಪಿನ ಮಾತು ಬಿಟ್ಟಿದ್ದ ಇಬ್ಬರೂ ಇದ್ದರು.

ಅದೆಲ್ಲ ಮುಂದಿನದು. ನನ್ನ ಮಟ್ಟಿಗೆ ಆ ಹಂಗಾಮು ಮುಗಿದದ್ದು ಮುಂದಿನ ಮೃಗಶಿರಾ ಮಳೆಗೆ.

ಆಳಂದಕ್ಕೆ ಬಂದು ಕೆಲವು ವಾರಗಳಾಗಿದ್ದವು. ಮಳೆ ಬಿದ್ದ ಮರುದಿನ ಬಿತ್ತನೆಗೆಂದು ಹಿರೋಳ್ಳಿಗೆ ಹೋದೆ. ಈ ಸಲ ದೊಡ್ಡ ಪ್ರಯೋಗವಿಲ್ಲ. ನಾನು, ಅತ್ತೆ, ಒಂದು ಜೋಡಿ ಎತ್ತು. ಕೂರಿಗೆ ಆ ತುದಿಗೆ ಹೋಗಿತ್ತು. ನಾನು ಈ ತುದಿಯಲ್ಲಿ ಸಾಲಿನ ಆಳ ನೋಡುತ್ತಾ ಕುಕ್ಕರುಗಾಲಲ್ಲಿ ಕುಳಿತಿದ್ದೆ. ಉಮಾ ಆಗ ನಡೆಯುತ್ತಿದ್ದಳು. ತಟ್ಟಾಡುತ್ತಾ ಬಂದು ಸಾಲಿನಲ್ಲೇ ಕುಳಿತಳು. ಹಸಿ ಮಣ್ಣು ಹಿಡಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡಳು.

"ಅಳಿಯಂದ್ರ, ಮಣ್ಣು ತಿನ್ನಾಕತ್ತಾಳ ನೋಡ್ರಿ! ತಗೀರಿ, ತಗೀರಿ!" ಎಂದು ಅತ್ತೆ ಆ ಕಡೆಯಿಂದ ಕೂಗಿದರು.

ಅಲ್ಲಿಯವರೆಗೆ ನಾನಾಗಿ ಅವಳನ್ನು ಮುಟ್ಟಿರಲಿಲ್ಲ. ಎಡಗೈಯಿಂದ ಅವಳ ಗದ್ದ ಹಿಡಿದು ಬಲಗೈಯ ಬೆರಳನ್ನು ಬಾಯೊಳಗೆ ಹಾಕಿದೆ. ನಾಲಗೆಯ ಮೇಲಿನ ಮಣ್ಣು ಕೆದಕಿ ತೆಗೆಯುತ್ತಿದ್ದೆ. ಅವಳಿಗೆ ಸಿಟ್ಟು ಬಂದಿತು. ನನ್ನ ಕಣ್ಣನ್ನೇ ನೋಡುತ್ತಾ, ಇದ್ದ ಬಲವನ್ನೆಲ್ಲ ಹಾಕಿ, ಬೆರಳನ್ನು ಕಚ್ಚಿದಳು.

ಬಾಯಿಂದ ಕೂಗು ಹೊರಗೆ ಬಂದಿತು. ನನ್ನದೇ ಕೂಗು ಎಂದು ಆಮೇಲೆ ತಿಳಿಯಿತು. ಬೆರಳು ಬಿಡಿಸಿಕೊಂಡು ನೋಡಿದೆ. ಸಣ್ಣ ಹಲ್ಲುಗಳ ಗುರುತು, ನಡುವೆ ಒಂದು ಹನಿ ರಕ್ತ. ಕಣ್ಣು ಮಂಜಾಯಿತು. ಒರೆಸಿಕೊಂಡಷ್ಟೂ ಮಂಜಾಯಿತು. ಉಮಾ ಬಾಯಿ ತೆರೆದು, ಗದ್ದಕ್ಕೆಲ್ಲ ಕಪ್ಪು ಮಣ್ಣು ಮೆತ್ತಿಕೊಂಡು, ನಾನು ಮಾಡುವುದನ್ನೇ ನೋಡುತ್ತಿದ್ದಳು.

ಅತ್ತೆ ಏದುಸಿರು ಬಿಡುತ್ತಾ ಓಡಿ ಬಂದರು. ನನ್ನನ್ನು ನೋಡಿ ಅಲ್ಲೇ ನಿಂತರು.

"ಯಾಕ್ರಿ? ನೋವಾತೇನ್ರಿ?"

"ಹೌದ್ರಿ ಅತ್ತಿ," ಎಂದೆ. "ಭಾಳ ನೋವಾತು."